ಹನ್ನೊಂದೂಕಾಲು

ಹಿತ್ತಲದಾಗ ದೊಡ್ಡಪತ್ರಿ ಎಲಿ ಹರದು
ಮೂಗಿಗೆ ಹಿಡದು "ಟೈಮ್!" ಅಂದ್ಲು ಆಕಿ.
ನಾ ಗೋಡಿ ಗಡಿಯಾರ ನೋಡಿ
"ಹನ್ನೊಂದೂಕಾಲು" ಅಂದೆ.
ನಗು ಅಂದ್ರ ನಗು, ಎರಡೂ ಕೈಲೆ ಹೊಟ್ಟಿ ಹಿಡಕೊಂಡು.
ಆ ಎಲಿಗೆ ಅವರ ಊರಾಗ ಅದ ಹೆಸರಂತ.
ಅದು ನನಗ ತಿಳಿಯೂದ್ರಾಗ
ಹಂಚಿನ ಮ್ಯಾಲಿನ ರೊಟ್ಟಿ ಕರಿ ಆಗಿತ್ತು.

ಹೆಸರು ಶೆರಿಕಾ. ನಮ್ಮ ಓಣಿ ಬಾಯಾಗ ಸಾರಿಕಾ ಆತು.
ಡಾಕ್ಟರಕಿ ಕಲಿಯಾಕ ಜಮೈಕಾದಿಂದ ಬೆಳಗಾವಿಗೆ ಬಂದಾಕಿ,
ಮಲಗೂದು ನಮ್ಮ ಮ್ಯಾಲಿನ ಖೋಲ್ಯಾಗ,
ಉಣ್ಣೂದು ಕೆಳಗ, ನನ್ನ ಖಾನಾವಳ್ಯಾಗ.
ಜಮೈಕಾ ಎಲ್ಲೈತಿ ಅಂತ ನೀಡೂ ಚನಮಲ್ಲಪ್ಪ ಕೇಳಿದ್ದಕ್ಕ
ಮಜ್ಜಗಿ ವಾಟಗದಾಗ ಒಂದು ಶೇಂಗಾ ಬಿಟ್ಟು
"ಇದು ಸಮುದ್ರ, ಇದು ನಾವು" ಅಂದ್ಲು.
ಆಂವ ಆ ಶೇಂಗಾ ತಿಂದುಬಿಟ್ಟ.

ಮೊದಲ ತಿಂಗಳು ಆಕಿಗೆ ರೊಟ್ಟಿ ಮುರಿಯಾಕ ಬರತಿದ್ದಿಲ್ಲ.
ಕಟಕ ರೊಟ್ಟಿ ಹಪ್ಪಳಧಂಗ ಒಡದು ತೊಡಿ ತುಂಬ ಚೂರು.
ಗುರೆಳ್ಳ ಹಿಂಡಿ ನಾಲಿಗಿ ತುದಿಗೆ ಹಚಗೊಂಡು ಸುಮ್ಮನ ಕುಂತ್ಲು,
ಮಣ್ಣಿನ ರುಚಿ ನೋಡೂ ಕೂಸಿನಂಗ.
"ರೋಟಿ ಅನ್ನೂ ಮಾತು ನಮ್ಮಲ್ಲೂ ಐತಿ" ಅಂದ್ಲು ಒಂದಿನ,
ಕಬ್ಬು ಕಡಿಯಾಕ ಹಡಗ ಹತ್ತಿ ಹ್ವಾದ ಈ ಕಡೀ ಮಂದಿ
ಗಂಟಿನ್ಯಾಗ ಕಟಗೊಂಡು ಹ್ವಾದದ್ದಂತ.
ಕಬ್ಬಿನ ಗ್ಯಾಂಗಿನವರು ನನ್ನಲ್ಲೂ ಉಣ್ಣಾಕ ಬರತಾರ.
ಬಾಗಲದಾಗ ಗಂಟು ಇಟ್ಟು ಒಳಗ ಬರತಾರ.
ಅದರಾಗ ಏನೈತಿ ಅಂತ
ಒಮ್ಮೆರೆ ಕೇಳಿದ್ದಿಲ್ಲ ನಾ.

ಕಾಯಿಪಲ್ಯದ ಪ್ಯಾಟ್ಯಾಗ ರಾಜಗಿರಿ ಸಿವುಡು ಕಂಡು
"ಕಲಲೂ!" ಅಂತ ಚೀರಿದ್ಲು.
ಕಳ್ಳ ಅಂದ್ಲೇನೋ ಅಂತ ಪಲ್ಯ ಮಾರೂ ಬೀಬಿಜಾನ
ರೊಕ್ಕದ ಚೀಲ ಅವಚಿಕೊಂಡು ಎದ್ದ ನಿಂತ್ಲು.
ಇವಳು ಮೂರು ಸಿವುಡು ಎದಿಗೆ ಅವಚಿಕೊಂಡು ಬಂದ್ಲು.

ಒಂದು ರವಿವಾರ, ಅಡಗಿ ತಂದು ಅಂದ್ಲು.
ಮೀನಿಲ್ಲ, ಮಾಂಸಿಲ್ಲ, ಅದು ನಮ್ಮ ಒಲಿ ಕಟ್ಟಳಿ.
ಆತು ಅಂತ ತಲಿ ಹಾಕಿದ್ಲು.
ರವಿವಾರ ಪೇಟಿಯಿಂದ ಕೆಂಪು ರಾಜ್ಮಾ, ಎರಡು ಟೆಂಗಿನಕಾಯಿ.
ನಮ್ಮಲ್ಲಿ ಟೆಂಗು ದೇವರ ಮುಂದ ಒಡಿಯೂದು,
ಅಡಗಿಗೇನಿದ್ದರೂ ಶೇಂಗಾದ ಪುಡಿ.
ಆಕಿ ತುರದು, ಹಿಂಡಿ, ಹಾಲು ತಗದು
ಅದರಾಗ ಕಾಳು, ಅಕ್ಕಿ, ದೊಡ್ಡಪತ್ರಿ ಕುದಿಯಾಕ ಇಟ್ಲು.
ಕಡೀಕ ಒಂದ ಒಂದು ಹಸಿ ಮೆಣಸಿನಕಾಯಿ,
ತುಂಬು ಸುದ್ದಾ, ಮ್ಯಾಲ ತೇಲಿ ಬಿಟ್ಲು.

"ಜಜ್ಜಿ ಹಾಕವಾ" ಅಂದೆ.
"ಬ್ಯಾಡ ದುಂಡಕ್ಕ, ಒಡೀಬಾರದು.
ವಾಸನಿ ಬಿಡಬೇಕು, ಖಾರ ಬಿಡಬಾರದು.
ನಮ್ಮಜ್ಜಿ ಬಾಜೂಕ ನಿಂತು ಕಾಯತಿದ್ಲು."
ನಾನೂ ಕಾಯಕೋತ ನಿಂತೆ. ಕೈಯಾಗಿನ ಹಿಟ್ಟು ಒಣಗಿತು.
ಒಡೀದಂಗ ಕುದಿಯೂದು ನನಗೇನ ಹೊಸದಲ್ಲ,
ಹದಿನೆಂಟಕ್ಕ ಈ ಮನಿ ಹೊಸ್ತಿಲಾ ದಾಟಿದಾಕಿ.
ಖರೆ, ನನ್ನ ಬಾಜೂಕ ಸವಟು ಹಿಡದು
ಯಾರೂ ನಿಂತಿದ್ದಿಲ್ಲ.

ಅನ್ನ ಇಟ್ಟಂಗಿ ಬಣ್ಣಕ್ಕ ಬಂತು.
ಚನಮಲ್ಲಪ್ಪ ಸಪ್ಪಗೈತಿ ಅನಕೋತ ಮೂರು ಸಲ ಹಾಕಿಸಿಕೊಂಡ,
ಕೆಂಪ ಚಟ್ನಿ ಕಲಸಿ. ಅದನ ನೋಡಿ
ಆಕೀನೂ ಕಲಸಿಕೊಂಡ್ಲು, ಅಜ್ಜಿಗೆ ಹೇಳಬ್ಯಾಡ್ರಿ ಅಂತ ಹೇಳಿ.
ಮೆಣಸಿನಕಾಯಿ ಬಣ್ಣ ಹೋಗಿ, ಒಡೀದ, ತಾಟಿನ ಅಂಚಿಗೆ ಉಳೀತು.

ಎಲ್ಲಾರೂ ಎದ್ದ ಮ್ಯಾಲ, ಬಚ್ಚಲಕಟ್ಟಿ ಮ್ಯಾಲ ತಾಟು ರಾಶಿ,
ಅದನ್ನ ಬಾಯಾಗ ಹಾಕ್ಕೊಂಡು ಕಚ್ಚಿದೆ.
ಕಿವಿ ತನಕ ಹತ್ತಿತು.

"ದುಂಡಕ್ಕಾ, ಟೈಮ್ ಎಷ್ಟಾತು?"
ಮ್ಯಾಲಿಂದ ಕೂಗಿದ್ಲು, ಅಚ್ಚ ಬೆಳಗಾವಿ ರಾಗದಾಗ.
ಮೂಗು ಒರಸಿಕೊಂಡು
"ದೊಡ್ಡಪತ್ರಿ" ಅಂದೆ.