ಹಸಿರು ಶಾಯಿಯ ಡ

ಡಾಕ್ಟರ್ ಸಂಪಂಗಮ್ಮನವರ ಆಫೀಸಿನಲ್ಲಿ
ಹತ್ತೊಂಬತ್ತು ವರ್ಷ ನಾನು ಬೆರಳಚ್ಚುಗಾರ.
ಯಂತ್ರದಲ್ಲಿ ಡ ಮುರಿದಿತ್ತು.
ಹೊಡೆದ ಹಾಳೆಯಲ್ಲೆಲ್ಲ ಕ, ಒಂದು ಖಾಲಿ, ಲು.
ಸಂಜೆ ಕನ್ನಡಕ ಹಣೆಗೇರಿಸಿ
ಹಸಿರು ಶಾಯಿಯಲ್ಲಿ ಒಂದೊಂದೇ ಡ ತುಂಬುತ್ತಿದ್ದರು.
ರಿಪೇರಿಗೆ ಎಪ್ಪತ್ತು ರೂಪಾಯಿ. ಆ ದುಡ್ಡು
ಹೊನ್ನಾವರದ ಬಸ್ಸಿಗೆ ಬೇಕಿತ್ತು.
ತಮ್ಮ ಹೆಸರಿನ ಹಿಂದಿನ ಡಾಕ್ಟರಿಗೆ ಮಾತ್ರ
ಡ ಬರೆಯಲೇ ಇಲ್ಲ.

ಅಪ್ಪ ಮುನಿಸಂಜೀವಪ್ಪ, ತಿಗಳರು,
ಸಂಪಂಗಿ ಕೆರೆಯಂಚಿನಲ್ಲಿ ದಂಟು, ಕೊತ್ತಂಬರಿ ಬೆಳೆದವರು.
ಕೆರೆ ಆಟದ ಮೈದಾನವಾಯಿತು,
ಹೆಸರು ಮಗಳ ಮೇಲೆ ಉಳಿಯಿತು.
"ನೀರು ಹೋಗೋದು ಹೀಗೇ, ಹೇಳದೆ ಕೇಳದೆ"
ಅಂತ ಒಮ್ಮೆ ಟೈಪು ಮಾಡಿಸಿ
ಆಮೇಲೆ ಹೊಡೆದುಹಾಕಿಸಿದರು:
ವರದಿಯಲ್ಲಿ ಅಪ್ಪ ಬೇಡ.

ಹೆಂಗಸು ಕಾಲಿಟ್ಟರೆ ಮೀನು ಬೀಳೋಲ್ಲ
ಎಂದರಂತೆ ಬಂದರಿನಲ್ಲಿ, ಮೊದಲ ಸಲ ಟ್ರಾಲರ್ ಹತ್ತಿದಾಗ.
ಬಿತ್ತು. ಮೀನಿನ ಜೊತೆ ಏಳು ಕಡಲಾಮೆ,
ಉಸಿರಿಗೆ ಮೇಲೆ ಬರಲಾಗದೆ ಬಲೆಯಲ್ಲೇ ಸತ್ತವು.
ಒಂದರ ಹೊಟ್ಟೆ ಬಗೆದು ಮೊಟ್ಟೆ ಎಣಿಸಿದರು,
ನೂರಾ ಹನ್ನೊಂದು.
ಬಲೆಗೊಂದು ಬಾಗಿಲಿರಲಿ, ಆಮೆ ಈಚೆ ಬರುವಷ್ಟು:
ಹನ್ನೆರಡು ವರ್ಷ ಇದೊಂದೇ ಅರ್ಜಿ,
ಇಷ್ಟೇ ಮಾತು, ನನ್ನ ಬೆರಳಿಗೆ ಬಾಯಿಪಾಠ.

ಎಂ.ಎಸ್. ಬಿಲ್ಡಿಂಗಿನ ಗುಮಾಸ್ತ ನಕ್ಕ:
"ಮೇಡಂ, ಬಸವನಗುಡೀಲಿ ಕಡಲೆ ಐತೆ, ಕಡಲೆಲ್ಲೈತೆ?"
ಅವರೂ ನಕ್ಕರು.
ಮರುದಿನ ಅವನನ್ನು ಆಟೋದಲ್ಲಿ ಕೂರಿಸಿಕೊಂಡು
ಮೈಸೂರು ರಸ್ತೆಯ ಮೋರಿಯ ಬಳಿ ಇಳಿಸಿದರು.
ನೊರೆ. ಒಂಟಿ ಚಪ್ಪಲಿ. ಮಾತ್ರೆಯ ಸ್ಟ್ರಿಪ್ಪು. ಹಾಲಿನ ಕವರು.
"ಇದು ವೃಷಭಾವತಿ. ಮುಂದೆ ಅರ್ಕಾವತಿ, ಆಮೇಲೆ ಕಾವೇರಿ,
ಆಮೇಲೆ ನೀವು ಎಲ್ಲಿ ಅಂದಿರಲ್ಲ, ಅದು."
ಅವನು ಮೂಗು ಮುಚ್ಚಿಕೊಂಡೇ ಸಹಿ ಹಾಕಿದ
ಎಂದು ನಾನು ಎಲ್ಲರಿಗೂ ಹೇಳುತ್ತೇನೆ.
ನಿಜದಲ್ಲಿ ಫೈಲು
ಇನ್ನೂ ನಾಲ್ಕು ವರ್ಷ ಅಲ್ಲೇ ಮಲಗಿತ್ತು.

ಅವರು ಹೋದ ಮೇಲೆ ಯಂತ್ರ ನನ್ನ ಪಾಲಿಗೆ ಬಂತು.
ಅವೆನ್ಯೂ ರಸ್ತೆಯವನು, ಹಳೇ ಡ ಒಂದಿದೆ, ಕೂರಿಸಲಾ ಎಂದ.
ಸುಮ್ಮನೆ ಎತ್ತಿಕೊಂಡು ಬಂದೆ.

ನಿನ್ನೆ ವಿಲ್ಸನ್ ಗಾರ್ಡನ್ನಿನಲ್ಲಿ ಜೋರು ಮಳೆ.
ನಮ್ಮ ಬೀದಿಯ ನೀರು ಆ ಕಡೆಯದಲ್ಲ, ಈ ಕಡೆಯದು:
ಬೆಳ್ಳಂದೂರು, ವರ್ತೂರು, ಪಿನಾಕಿನಿ, ಕಡಲೂರು.
ಅವರೇ ಕಲಿಸಿದ ದಾರಿ.
ಕೊಡೆ ಗೋಡೆಗೆ ಒರಗಿಸಿ, ಮಂಡಿಯೂರಿ,
ಮೋರಿಯಿಂದ ಒಂದು ಚಿಪ್ಸ್ ಕವರು ತೆಗೆದೆ.
ಎದುರು ಮನೆಯ ಹುಡುಗಿ ಏನು ಬಿತ್ತು ತಾತ ಎಂದಳು.
ಉತ್ತರ ಹುಡುಕುವಷ್ಟರಲ್ಲಿ ಇನ್ನೊಂದು
ಕೈಗೆ ಸಿಗದೆ ಹೋಯಿತು.