ಕಲಂ ಏಳು

ಸಭೆ ಹನ್ನೊಂದಕ್ಕೆ ಎಂದಿತ್ತು.
ಹನ್ನೆರಡೂವರೆಗೆ ಸೂಗಪ್ಪ ಸಾಹುಕಾರರು ಬಂದು
ಫ್ಯಾನಿನ ಕೆಳಗಿನ ಕುರ್ಚಿ ಹಿಡಿದರು.
ದೇವದುರ್ಗದ ಬಿಸಿಲು ಅವರ ಹಿಂದೆಯೇ ಒಳಗೆ ಬಂತು.
ಇರುವುದು ಒಂಬತ್ತು ಲಕ್ಷ. ಬೇಡಿಕೆ ನಾಲ್ಕು.
ನಾನು ನಮೂನೆ ಹಂಚಿದೆ:
ಯಾಕೆ, ಎಷ್ಟು ಮಂದಿಗೆ, ಹತ್ತಕ್ಕೆ ಎಷ್ಟು.

ಹಲ್ಲಿನ ಕುರ್ಚಿಗೆ ಆರು.
ಸ್ಕ್ಯಾನಿಂಗ್ ಯಂತ್ರಕ್ಕೆ ಒಂಬತ್ತು.
ಅದನ್ನು ನೋಡುವ ಡಾಕ್ಟರ ಹುದ್ದೆ ಖಾಲಿ,
ಆದರೂ ಉದ್ಘಾಟನೆಯ ಫೋಟೊ ಚೆನ್ನಾಗಿ ಬರುತ್ತದೆ.
ಮುಂಬಾಗಿಲ ಕಮಾನಿಗೆ ಏಳೂವರೆ.
ಕೊನೆಗುಳಿದದ್ದು ಡಾ. ಶಾಕಿರಾ ಕೇಳಿದ್ದು,
ಶವಾಗಾರಕ್ಕೆ ಎರಡು ಖಾನೆಯ ತಂಪುಪೆಟ್ಟಿಗೆ.

ಕಲಂ ಏಳು: ಫಲಾನುಭವಿಗಳ ಸಂಖ್ಯೆ.
ಪೆನ್ನು ಅಲ್ಲೇ ನಿಂತಿತು.
"ಸತ್ತವರು ಫಲಾನುಭವಿ ಹೆಂಗ ಆಗ್ತಾರ್ರೀ?"
ಸಾಹುಕಾರರು ಕೇಳಿದರು. ತಮಾಷೆಗಲ್ಲ.
ಪ್ರಶ್ನೆ ಸರಿಯಾಗಿಯೇ ಇತ್ತು.

ಹುಸೇನಪ್ಪನನ್ನು ಕರೆಸಿದೆವು.
ಹೊಸ್ತಿಲ ಆಚೆಗೇ ನಿಂತ, ಒದ್ದೆ ಕೈ ಲುಂಗಿಗೆ ಒರೆಸುತ್ತ.
"ಬಸ್‌ಸ್ಟ್ಯಾಂಡಿನ ಸೋಡಾ ಅಂಗಡಿಯಿಂದ ಐಸ್ ತರ್ತೀನ್ರಿ.
ಗಡ್ಡಿಗೆ ನೂರಾ ಅರವತ್ತು. ಹೊಟ್ಟಿನಾಗ ಮುಚ್ಚಿ ಇಡ್ತೀನಿ.
ಗೋವಾದಿಂದ ಮಗ ಬರೂತನ
ಒಂದು ರಾತ್ರಿ ತಡೀಬೇಕಲ್ರಿ.
ಮೇ ತಿಂಗಳಾಗ ಮೂರು ಗಡ್ಡಿ ಸಾಲಂಗಿಲ್ಲ.
ರಸೀದಿ ಕೊಡಂಗಿಲ್ಲ ಅವ."
ಯಾರ ದುಡ್ಡು ಎಂದು
ಯಾರೂ ಕೇಳಲಿಲ್ಲ. ನಾನೂ.

ಕಲಂ ಏಳರಲ್ಲಿ ಬರೆದೆ:
ಕಾಯುವವರು, ವರ್ಷಕ್ಕೆ ಸುಮಾರು ಮುನ್ನೂರು.
ಅಂದಾಜು. ಸುಳ್ಳೂ ಇರಬಹುದು.
ಯಂತ್ರದ ದರ ಹದಿನಾಲ್ಕು ಲಕ್ಷ ಎಂದು ತಿಳಿದು
ಅದು ತಾನೇ ಹಿಂದೆ ಸರಿಯಿತು.
ಕಮಾನು ಅರ್ಧ ಅಂಕಕ್ಕೆ ಸೋತಿತು.

ಇವತ್ತು ರಾಯಚೂರಿನಿಂದ ಮೌಲ್ಯಮಾಪನದ ಪತ್ರ.
ಬಳಕೆ: ನಲವತ್ತೊಂದು ಸಲ.
ದುರಸ್ತಿ: ಒಮ್ಮೆ, ಇಲಿ ವಯರು ಕಡಿದಾಗ.
ಗುಣಮುಖರಾದವರು:
ಖಾಲಿ ಬಿಡಕೂಡದು ಎಂದು ಕೆಂಪಕ್ಷರದಲ್ಲಿದೆ.
ಸೊನ್ನೆ ಹಾಕಿದೆ.

ಹೋದ ವಾರ ಗಬ್ಬೂರಿನ ಕಡೆಯ ಮುದುಕಿಯೊಬ್ಬಳು
ಖಾನೆ ಎಳೆಸಿ, ಮಗಳ ಹಣೆ ಮುಟ್ಟಿ,
ಬಹಳ ಹೊತ್ತು ಕೈ ತೆಗೆಯಲಿಲ್ಲವಂತೆ.
ಹೋಗುವಾಗ ಹುಸೇನಪ್ಪನಿಗೆ ಹೇಳಿದಳಂತೆ,
"ನಿನ್ನ ಹೊಟ್ಟಿ ತಣ್ಣಗಿರ್ಲಿ ಯಪ್ಪಾ."
ಇದು ಯಾವ ಸೂಚ್ಯಂಕ?

ಷರಾ ಬರೆಯಲು ಒಂದೂವರೆ ಇಂಚು ಜಾಗ.
ಎರಡು ಸಲ ಬರೆದು ಹೊಡೆದುಹಾಕಿದೆ.
ಮೂರನೆಯ ಸಲ, ಚಿಕ್ಕ ಅಕ್ಷರದಲ್ಲಿ:
ನಮ್ಮ ಲೆಕ್ಕದಲ್ಲಿ ಎಂದೂ ಇರದಿದ್ದ
ಐಸಿನ ಖರ್ಚು
ಈಗ ಇಲ್ಲ.