ಗಂಟೆಗೆ ಎರಡು ಕಿಲೋಮೀಟರ್

ಐದರಲ್ಲಿ ನಾನು ಪಾಸು.
ಕಾಲಡಿ ಪಟ್ಟಿ ಓಡುತ್ತಿರುತ್ತದೆ, ಬದ್ರಿಯಾ ಮೇಡಂ
ಪರದೆಯ ಮೇಲೆ ಎರಡು ಗೆರೆ ತೋರಿಸುತ್ತಾರೆ:
ಎಡದ್ದು ನೀಲಿ, ಬಲದ್ದು ಕೆಂಪು,
ಒಂದರ ಮೇಲೊಂದು ಕೂತು ನೇರಳೆ.
"ಶಾಬಾಶ್ ಲೋಕನಾಥ್, ಎರಡೂ ಸಮ."

ಆಮೇಲೆ ಗುಂಡಿ ಒತ್ತುತ್ತಾರೆ.
ನಾಲ್ಕು. ಮೂರು. ಎರಡೂವರೆ.
ಎರಡಕ್ಕೆ ಇಳಿದಾಗ ನೇರಳೆ ಬಿರಿದು
ನೀಲಿ ಒಂದು ದಾರಿ, ಕೆಂಪು ಒಂದು ದಾರಿ.
ಬಲಗಾಲು ನೆಲ ಬಿಡಲೊಲ್ಲದು,
ಎಡಗಾಲು ಕಾದ ಕಾವಲಿ ತಾಗಿದಂತೆ
ಊರುವ ಮೊದಲೇ ಎದ್ದುಬಿಡುತ್ತದೆ.

"ಜೋರಾಗಿ ನಡೆದರೆ ಮೈಯೇ ತೂಗಿಕೊಂಡು ಹೋಗುತ್ತದೆ.
ನಿಧಾನಿಸಿದರೆ ಒಂದೊಂದು ಕಾಲೂ
ಒಂಟಿಯಾಗಿ ನಿನ್ನನ್ನು ಹೊರಬೇಕು.
ಎಲ್ಲರಿಗೂ ಹೀಗಲ್ಲ. ನಿನಗೆ ಹೀಗೆ."

ನನಗೆ ಎರ್ಮಾಳಿನ ಶಾಲೆಯ ಮೈದಾನ ನೆನಪಾಗುತ್ತದೆ,
ನಿಧಾನ ಸೈಕಲ್ ಸ್ಪರ್ಧೆ.
ಕೊನೆಗೆ ಬಂದವನಿಗೆ ಬಹುಮಾನ.
ನಾನು ಪ್ರತಿ ವರ್ಷವೂ ಬಿದ್ದವನು.

ಯಾರ್ಡಿನಲ್ಲಿ ನನ್ನ ಹೆಸರು ಅರ್ಜೆಂಟ್ ಲೋಕ.
ಮೆಸ್ಸಿನಿಂದ ಬಸ್ಸಿಗೆ, ಬಸ್ಸಿನಿಂದ ಡಾಕಿಗೆ,
ವೆಲ್ಡಿಂಗ್ ಕೇಬಲ್ ಹೆಗಲಿಗೆ ಹಾಕಿಕೊಂಡು ದಡದಡ.
ಫಿಟ್‌ನೆಸ್ ಪರೀಕ್ಷೆಯ ದಿನ ಡಾಕ್ಟರು
"ಬಾಗಿಲ ತನಕ ಹೋಗಿ ಬಾ" ಅಂದರು,
ಹೋಗಿ ಬಂದೆ, ಅವರು ಪೆನ್ನಿನ ಮುಚ್ಚಳ ತೆಗೆಯುವುದರೊಳಗೆ.
ಹಡಗಿನ ಹೊಟ್ಟೆಯ ಏಣಿಯಿಂದ ಜಾರಿದ್ದು
ಎರಡು ವರ್ಷದ ಹಿಂದೆ.
ಒಂದು ಪ್ಲೇಟು, ಏಳು ಸ್ಕ್ರೂ.
ವಾರಿಜಾಳಿಗೆ ಹೇಳಲಿಲ್ಲ.
ಫೋನಿನಲ್ಲಿ ಮನುಷ್ಯನಿಗೆ ಎದೆಯಿಂದ ಕೆಳಗೆ ಏನೂ ಇರುವುದಿಲ್ಲ.
ಆಸ್ಪತ್ರೆಯ ದಿನಗಳಿಗೊಂದು ಕತೆ ಕಟ್ಟಿದ್ದೆ:
ಸೌದಿಯಲ್ಲಿ ಕೆಲಸ, ನೆಟ್‌ವರ್ಕ್ ಸಿಗುವುದಿಲ್ಲ.

ಈಗ ಬಂದಿದ್ದಾಳೆ, ಎರಡು ವಾರದ ವೀಸಾ.
ವಿಮಾನ ನಿಲ್ದಾಣದಲ್ಲಿ ಟ್ರಾಲಿ ತಳ್ಳಿಕೊಂಡು ನುಗ್ಗಿದೆ.
"ನಿಮ್ಮನ್ನು ಯಾರು ಅಟ್ಟಿಸಿಕೊಂಡು ಬರ್ತಿದ್ದಾರೆ?"
ಹಿಂದಿನಿಂದ ಅವಳ ನಗು.

ಶುಕ್ರವಾರ ಸಂಜೆ ಬುಸೈತೀನಿನ ದಂಡೆ.
"ಇದೆಂಥ ಕಡಲು, ತೆರೆಯೇ ಇಲ್ಲ. ತಟ್ಟೆಯ ನೀರು."
ಊರಲ್ಲಿ ತಲೆಯ ಮೇಲೆ ಮೀನಿನ ಬುಟ್ಟಿ ಇದ್ದರೆ
ಅವಳ ನಡಿಗೆಗೆ ನಾನೇ ಓಡಬೇಕಿತ್ತು.
ಇಂದು ಬುಟ್ಟಿಯಿಲ್ಲ, ಕರಗುವ ಮಂಜುಗಡ್ಡೆಯಿಲ್ಲ.
ಕೈ ಬೀಸಿಕೊಂಡು ನಡೆದಳು,
ಸರಿಯಾಗಿ ಗಂಟೆಗೆ ಎರಡು.

ನಾನು ಮುಂದೆ ಹೋಗಿ ಕಾದೆ. ಮತ್ತೆ ಮುಂದೆ ಹೋಗಿ ಕಾದೆ.
"ಜೊತೆಗೆ ನಡೀರಿ ಒಮ್ಮೆ."
ನಡೆದೆ.

ಅವಳು ನೋಡಲಿಲ್ಲ, ಕೇಳಿಸಿಕೊಂಡಳು.
ಚಪ್, ಮತ್ತೆ ಬಹಳ ಹೊತ್ತು, ಚಪ್‌ಚಪ್.
"ಚಪ್ಪಲಿ ಹರಿದಿದೆಯಾ?"
"ಇಲ್ಲ."
"ಮತ್ತೆ?"
ತಲೆಯ ಮೇಲಿಂದ ವಿಮಾನವೊಂದು
ಅಡ್ಡಗಾಳಿಗೆ ವಾಲಿಕೊಂಡು ಇಳಿಯಿತು.
ಒಂದು ಗಾಲಿ ಮೊದಲು ಮುಟ್ಟಿರಬೇಕು, ಇನ್ನೊಂದು ಆಮೇಲೆ.
ಒಳಗಿದ್ದವರಿಗೆ ಗೊತ್ತಾಗಿರುತ್ತದೆ.

ಕಲ್ಲುಬೆಂಚಿನ ಮೇಲೆ ಕೂರಿಸಿ
ಪ್ಯಾಂಟು ಮೊಣಕಾಲಿಗೆ ಏರಿಸಿದಳು.
ಬಂಗುಡೆಯ ಹೊಟ್ಟೆ ಸೀಳುವ ಹೆಬ್ಬೆರಳು
ಗಾಯದ ಗೆರೆಯ ಮೇಲೆ ಮೇಲಿಂದ ಕೆಳಗೆ ಹೋಯಿತು,
ಎಲ್ಲೂ ಅವಸರವಿಲ್ಲದೆ.
"ಸೌದಿಯಲ್ಲಿ ನೆಟ್‌ವರ್ಕ್ ಇರಲಿಲ್ಲ ಅಂದಿರಲ್ಲ, ಆಗಲಾ?"
"ಹೂಂ."

ಬಹಳ ಹೊತ್ತು ಮಾತಿಲ್ಲ.
ಎದ್ದು ನನ್ನ ಎಡಕ್ಕೆ ಬಂದಳು,
ಇನ್ನೂ ನಿಧಾನ ನಡೆದಳು,
ಮೇಡಂನ ಯಂತ್ರದಲ್ಲಿ ಅಷ್ಟು ಕೆಳಗೆ ಅಂಕಿಯೇ ಇಲ್ಲ.
ನನ್ನ ಎರಡು ಕಾಲೂ ಅವಳ ಪಕ್ಕದಲ್ಲಿ
ಯಾವ ನಾಚಿಕೆಯೂ ಇಲ್ಲದೆ ಕುಂಟಿದವು.

ಕಾರ್ ಪಾರ್ಕಿನ ಹತ್ತಿರ ಬಂದಾಗ ಕೇಳಿದಳು,
ಸಿಟ್ಟು ಆರಿರಲಿಲ್ಲ:
"ಆ ಮೆಷಿನ್ನಿನ ಮೇಡಂ
ನಾಳೆ ಎಷ್ಟು ಗಂಟೆಗೆ ಬಾಗಿಲು ತೆಗೀತಾರೆ?"